ಕಟ್ಟಿನಿಂದ ಶುರುವಾಗುವ ಊಟ

(ಜಪಾನೀ-ಫ್ರೆಂಚ್ ಬೆರಕೆ ಅಡುಗೆಯ ದುಬಾರಿ ರೆಸ್ಟೋರೆಂಟುಗಳ ಊಟವನ್ನು ಕುರಿತು ಕೋಲಾರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬಸ್ಸಾರು ಮಾಡಲು ಬರುವವರಿಗೆ ಇವತ್ತಿನ ವಿಷಯದಲ್ಲಿ ಅರ್ಧ ಆಗಲೇ ಗೊತ್ತಿದೆ. ಹುರುಳಿಯನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ಬಸಿಯುತ್ತೇವೆ. ಕಾಳು-ಸೊಪ್ಪು ಪಲ್ಯಕ್ಕೆ ಹೋಗುತ್ತದೆ, ಬಸಿದ ಕಟ್ಟು ಸಾರಿಗೆ ಬರುತ್ತದೆ. ಕಟ್ಟು ತೆಳ್ಳಗೆ ನೀರಾಗಿದ್ದರೆ ಎಷ್ಟು ಖಾರ ರುಬ್ಬಿ ಹಾಕಿದರೂ ಸಾರು ನಾಲಿಗೆಗೆ ಹತ್ತುವುದಿಲ್ಲ. ಜಪಾನೀ ಅಡುಗೆಯಲ್ಲಿ ಈ ಕಟ್ಟಿನ ಜಾಗದಲ್ಲಿರುವುದು ದಾಶಿ. ಫ್ರೆಂಚ್ ಅಡುಗೆಯಲ್ಲಿ ಅದೇ ಜಾಗದಲ್ಲಿರುವುದು ಸ್ಟಾಕ್, ಅಂದರೆ ಮೂಳೆಯನ್ನೋ ತರಕಾರಿಯನ್ನೋ ಕುದಿಸಿ ಸೋಸಿದ ರಸ. ಈ ಎರಡು ಕಟ್ಟುಗಳನ್ನು ಒಂದೇ ಅಡುಗೆಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಹೊಂದಿಸುವ ಕೆಲಸವನ್ನೇ ಜಪಾನೀ-ಫ್ರೆಂಚ್ ಫ್ಯೂಷನ್ ಅನ್ನುತ್ತಾರೆ. ಅಲಂಕಾರ, ಪಿಂಗಾಣಿ, ಚಿಮಟದಲ್ಲಿ ಇಟ್ಟ ಹೂವಿನ ಎಸಳು ಎಲ್ಲವೂ ಆಮೇಲಿನ ಮಾತು. ಕಟ್ಟು ತಿಳಿದವರಿಗೆ ಆ ಊಟ ತಿಳಿಯುತ್ತದೆ ಎಂಬುದು ನಮ್ಮ ನಂಬಿಕೆ.

ಈ ವಿಷಯ ಕೋಲಾರಕ್ಕೆ ಯಾಕೆ ಬೇಕು ಎಂದು ಕೇಳಬಹುದು. ನರಸಾಪುರದಲ್ಲಿ ಹೋಂಡಾ ಕಾರ್ಖಾನೆ 2013ರಲ್ಲಿ ಶುರುವಾದಾಗಿನಿಂದ ಜಪಾನಿನ ಅತಿಥಿಗಳ ಜೊತೆ ಕೂತು ಉಣ್ಣುವ ಸಂದರ್ಭ ಇಲ್ಲಿನ ಎಂಜಿನಿಯರುಗಳಿಗೆ, ಮೇಲ್ವಿಚಾರಕರಿಗೆ ಬರುತ್ತಲೇ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಮಕ್ಕಳು ಇಂಥ ಅಡುಗೆಮನೆಗಳಿಗೇ ಕೆಲಸಕ್ಕೆ ಹೋಗುತ್ತಾರೆ. ಇನ್ನು ಬೆಂಗಳೂರಿಗೆ ಹೋಗಿ ಒಂದು ಸಂಜೆ ಸಾವಿರಾರು ರೂಪಾಯಿ ಕೊಟ್ಟು ಉಂಡು ಬರುವ ಮನೆಯವರಿಗೆ, ಕೊಟ್ಟ ದುಡ್ಡಿಗೆ ಏನು ಬಂತು ಎಂದು ತಿಳಿಯುವ ಹಕ್ಕಿದೆ.

ಇತಿಹಾಸವನ್ನು ಚುಟುಕಾಗಿ ಹೇಳುತ್ತೇವೆ. ಜಪಾನಿನಲ್ಲಿ 675ರಲ್ಲಿ ಚಕ್ರವರ್ತಿ ತೆಮ್ಮು ಕೆಲವು ಪ್ರಾಣಿಗಳ ಮಾಂಸವನ್ನು ನಿಷೇಧಿಸಿದ ಮೇಲೆ ಮಾಂಸದ ಮೇಲೆ ಒಂದಲ್ಲ ಒಂದು ಕಟ್ಟುಪಾಡು ಶತಮಾನಗಳ ಕಾಲ ಇತ್ತು. 1872ರಲ್ಲಿ ಚಕ್ರವರ್ತಿ ಮೇಜಿ ದನದ ಮಾಂಸ ತಿಂದ ಸುದ್ದಿ ಬಹಿರಂಗವಾಯಿತು. ಅರಮನೆಯ ಔತಣಗಳು ಫ್ರೆಂಚ್ ಪದ್ಧತಿಗೆ ತಿರುಗಿದ್ದೂ ಆ ಕಾಲದಲ್ಲೇ. 1960ರಲ್ಲಿ ತ್ಸುಜಿ ಶಿಜುಒ ಒಸಾಕಾದಲ್ಲಿ ಅಡುಗೆ ಶಾಲೆ ತೆರೆದರು. ಪಾಲ್ ಬೊಕ್ಯೂಸ್‌ರಂಥ ಫ್ರೆಂಚ್ ಬಾಣಸಿಗರು ಅವರ ಮೂಲಕ ಜಪಾನಿಗೆ ಬಂದು ಕೈಸೆಕಿ ಊಟವನ್ನು ಹತ್ತಿರದಿಂದ ಕಂಡರು. ಕೈಸೆಕಿ ಎಂದರೆ ಋತುವಿಗೆ ತಕ್ಕಂತೆ, ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೆ ಒಂದು ಬಡಿಸುವ ಊಟ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಮೈದಾ ಹುರಿದು ಗಟ್ಟಿ ಮಾಡಿದ ಭಾರದ ಸಾಸುಗಳು ಹಿಂದೆ ಸರಿದು, ಸಣ್ಣ ಸಣ್ಣ ತಟ್ಟೆಗಳ ಊಟ ಮುಂದೆ ಬಂತು. ಇದರಲ್ಲಿ ಜಪಾನಿನ ಪಾಲು ಇದೆ. 1989ರಲ್ಲಿ ತೆತ್ಸುಯಾ ವಕುದ ಸಿಡ್ನಿಯಲ್ಲಿ ತೆರೆದ ರೆಸ್ಟೋರೆಂಟ್ ಈ ಶೈಲಿಯನ್ನು ಜಗತ್ತಿಗೆ ಪರಿಚಯಿಸಿದ ಜಾಗಗಳಲ್ಲಿ ಒಂದು. 2020ರಲ್ಲಿ ಕೊಬಯಾಶಿ ಕೇಯಿ ಅವರ ಪ್ಯಾರಿಸ್ ರೆಸ್ಟೋರೆಂಟಿಗೆ ಮೂರು ಮಿಶೆಲಿನ್ ನಕ್ಷತ್ರ ಬಂತು; ರೆಸ್ಟೋರೆಂಟುಗಳಿಗೆ ದರ್ಜೆ ಕೊಡುವ ಮಿಶೆಲಿನ್ ಕೈಪಿಡಿಯಲ್ಲಿ ಅದೇ ಅತಿ ಮೇಲಿನ ದರ್ಜೆ. ಫ್ರಾನ್ಸಿನಲ್ಲಿ ಆ ಮಟ್ಟ ಮುಟ್ಟಿದ ಮೊದಲ ಜಪಾನೀ ಬಾಣಸಿಗ ಅವರೇ.

ಈಗ ಕಟ್ಟಿಗೆ ಬರೋಣ.

ದಾಶಿಗೆ ಬೇಕಾದ್ದು ಮೂರೇ: ನೀರು, ಕೊಂಬು, ಕತ್ಸುವೊಬುಶಿ. ಕೊಂಬು ಸಮುದ್ರದ ಒಣ ಪಾಚಿ. ಕತ್ಸುವೊಬುಶಿ ಎಂದರೆ ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ತೆಳುವಾಗಿ ಹೆರೆದ ಚಕ್ಕೆ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು ಹಾಕಿ ಅರ್ಧ ಗಂಟೆಯಾದರೂ ನೆನೆಸಬೇಕು. ಆಮೇಲೆ ಸಣ್ಣ ಉರಿ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದಂತೆ, ಕುದಿ ಬರುವ ಮೊದಲೇ, ಕೊಂಬನ್ನು ತೆಗೆಯಬೇಕು. ಅಳೆದು ಮಾಡುವವರು 60 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದಿಡುತ್ತಾರೆ. ಕೊಂಬು ತೆಗೆದ ನೀರನ್ನು ಕುದಿಯ ಹತ್ತಿರಕ್ಕೆ ತಂದು, ಒಲೆ ಆರಿಸಿ, 20ರಿಂದ 30 ಗ್ರಾಂ ಚಕ್ಕೆ ಹಾಕಿ, ಒಂದೆರಡು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಬಟ್ಟೆಯನ್ನು ಹಿಂಡಬಾರದು. ಕೆಡುವುದು ಎರಡು ಕಡೆ. ಕೊಂಬು ಕುದ್ದರೆ ಲೋಳೆಯೂ ಕಹಿಯೂ ಬಿಡುತ್ತದೆ. ಚಕ್ಕೆಯನ್ನು ಹಿಂಡಿದರೆ ಕಟ್ಟು ಕದಡಿ ಮೀನಿನ ವಾಸನೆ ಮೇಲೇಳುತ್ತದೆ. ಬಸ್ಸಾರಿನ ಕಾಳನ್ನು ಸೌಟಿನಿಂದ ಒತ್ತಿ ಬಸಿದರೆ ಕಟ್ಟು ಹೇಗೆ ರಾಡಿಯಾಗುತ್ತದೋ ಹಾಗೆ.

ಇಷ್ಟು ಸರಳವಾದ ಕಟ್ಟಿಗೆ ಅಷ್ಟು ರುಚಿ ಎಲ್ಲಿಂದ ಬಂತು ಎಂಬುದನ್ನು ಜಪಾನೀ ರಸಾಯನಶಾಸ್ತ್ರಜ್ಞರೇ ಹುಡುಕಿದರು. 1908ರಲ್ಲಿ ಇಕೆದ ಕಿಕುನಾಯೆ ಕೊಂಬಿನಿಂದ ಗ್ಲುಟಮೇಟ್ ಎಂಬ ರುಚಿಯ ಅಂಶವನ್ನು ಬೇರ್ಪಡಿಸಿ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1913ರಲ್ಲಿ ಕೊದಮ ಶಿಂತಾರೊ ಮೀನಿನ ಚಕ್ಕೆಯಲ್ಲಿ ಇನೊಸಿನೇಟ್ ಎಂಬ ಇನ್ನೊಂದು ಅಂಶವನ್ನು ಕಂಡರು. 1957ರಲ್ಲಿ ಕುನಿನಾಕ ಅಕಿರ ಗ್ವಾನಿಲೇಟಿನ ಪಾತ್ರ ಗುರುತಿಸಿದರು. ಒಣಗಿದ ಶಿಟಾಕೆ ಅಣಬೆಯಲ್ಲಿ ಇರುವುದು ಅದು. ಮುಖ್ಯವಾದ ಸಂಗತಿ ಏನೆಂದರೆ, ಗ್ಲುಟಮೇಟಿನ ಜೊತೆ ಉಳಿದೆರಡರಲ್ಲಿ ಒಂದು ಸೇರಿದಾಗ ನಾಲಿಗೆಗೆ ಸಿಗುವ ರುಚಿ ಎರಡರ ಮೊತ್ತಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದಕ್ಕೇ ಕೊಂಬು ಒಂಟಿಯಾಗಿ ಬರುವುದು ಅಪರೂಪ.

ನೀರಿನ ಮಾತು ನಮ್ಮ ಜಿಲ್ಲೆಗೆ ತುಂಬ ಹತ್ತಿರದ್ದು. ಆಳದ ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಕರಗದೆ ನಿಲ್ಲುವುದನ್ನು ಇಲ್ಲಿ ನೋಡದವರಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಕೊಂಬಿಗೂ ಇದೇ ಗತಿ. ಅದರಲ್ಲಿರುವ ಆಲ್ಜಿನೇಟ್ ಕ್ಯಾಲ್ಸಿಯಂ ಜೊತೆ ಬಿಗಿದುಕೊಂಡು ರುಚಿ ಹೊರಬರಲು ದಾರಿ ಬಿಡುವುದಿಲ್ಲ. ಕ್ಯೋಟೋದ ನೀರು ಮೆದು, ಅಲ್ಲಿ ದಾಶಿ ಬೆಳೆಯಿತು. ಪ್ಯಾರಿಸಿನ ನೀರು ಗಡಸು, ಅಲ್ಲಿ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ನೊರೆ ತೆಗೆಯುವ ಸ್ಟಾಕ್ ಬೆಳೆಯಿತು. ಕಾರಣ ನೀರೊಂದೇ ಎಂದು ಹೇಳಲಾಗದು, ಆದರೆ ನೀರನ್ನು ಬಿಟ್ಟು ಈ ವ್ಯತ್ಯಾಸವನ್ನು ವಿವರಿಸಲೂ ಆಗದು. ಇಲ್ಲಿ ದಾಶಿ ಮಾಡಿ ನೋಡುವವರು ನಲ್ಲಿ ನೀರು ಬಿಟ್ಟು ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ. ಅದೇ ಕೊಂಬು, ಅದೇ ಅಳತೆ, ಎರಡು ನೀರಿನಲ್ಲಿ ಅಕ್ಕಪಕ್ಕ ಮಾಡಿ ಕುಡಿದರೆ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತದೆ.

ಫ್ರೆಂಚ್ ಕಡೆಯ ಕೌಶಲವೆಲ್ಲ ಸಾಸಿನಲ್ಲಿ ಕಾಣುತ್ತದೆ. ಎರಡೂ ಕಡೆಯವರು ಕೈಕುಲುಕುವ ತಟ್ಟೆ ಎಂದರೆ ಮಿಸೊ ಬೆರೆಸಿದ ಬರ್ ಬ್ಲಾಂ, ಅಂದರೆ ಬೆಣ್ಣೆಯ ಬಿಳಿ ಸಾಸ್. 30 ಗ್ರಾಂ ಸಾಂಬಾರ್ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, 100 ಮಿಲಿ ಬಿಳಿ ವೈನ್, 30 ಮಿಲಿ ವಿನೆಗರ್ ಸೇರಿಸಿ, ಎರಡು ದೊಡ್ಡ ಚಮಚ ಉಳಿಯುವ ತನಕ ಬತ್ತಿಸುತ್ತಾರೆ. ಉರಿ ತೀರ ತಗ್ಗಿಸಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದ 150 ಗ್ರಾಂ ಬೆಣ್ಣೆಯನ್ನು ಒಂದೊಂದೇ ತುಂಡಾಗಿ ಕಡೆಯುತ್ತ ಸೇರಿಸುತ್ತಾರೆ. ಸಾಸ್ 55 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಬೇಕು. 60 ದಾಟಿ ಮೇಲೆ ಹೋದಷ್ಟೂ ಒಡೆಯುವ ಅಪಾಯ. ಒಡೆದರೆ ಕೆಳಗೆ ಹುಳಿ ನೀರು, ಮೇಲೆ ತುಪ್ಪ. ಬೆಣ್ಣೆಯಲ್ಲಿ ಸುಮಾರು ಆರನೇ ಒಂದು ಪಾಲು ನೀರು, ಜೊತೆಗೆ ಹಾಲಿನ ಪ್ರೋಟೀನ್ ಇರುತ್ತದೆ. ಕೊಬ್ಬು ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ತೇಲಿಕೊಂಡಿರಲು ಇವು ಬೇಕೇ ಬೇಕು. ಅದಕ್ಕೇ ತುಪ್ಪದಲ್ಲಿ ಈ ಸಾಸ್ ಯಾವತ್ತೂ ಕೂಡಿಕೊಳ್ಳುವುದಿಲ್ಲ. ಒಡೆದದ್ದನ್ನು ಉಳಿಸಲು ದಾರಿಯಿದೆ: ಬೇರೆ ಪಾತ್ರೆಯಲ್ಲಿ ಒಂದು ಚಮಚ ಕ್ರೀಮ್ ಬೆಚ್ಚಗೆ ಮಾಡಿ, ಒಡೆದ ಸಾಸನ್ನು ಹನಿಹನಿಯಾಗಿ ಅದಕ್ಕೆ ಕಡೆದು ಸೇರಿಸುವುದು. ಒಂದು ಚಮಚ ಬಿಳಿ ಮಿಸೊ ಕೊನೆಗೆ ಬರುತ್ತದೆ. ಮಿಸೊ ಎಂದರೆ ಸೋಯಾ ಕಾಳನ್ನು ಅಕ್ಕಿಯ ಮೇಲೆ ಬೆಳೆಸಿದ ಬೂಸ್ಟಿನಿಂದ ಹುದುಗಿಸಿದ ಮುದ್ದೆ. ಬಿಳಿಯದರಲ್ಲಿ ಉಪ್ಪು ಕಡಿಮೆ, ಕೆಂಪು ಬಗೆಯಲ್ಲಿ ಅದು ನೂರಕ್ಕೆ 11ರಿಂದ 13ರಷ್ಟು. ಮಿಸೊ ಹಾಕುವ ಮೊದಲು ಉಪ್ಪು ಹಾಕಿದ ಅಡುಗೆಯವನು ಸಾಸನ್ನು ಚೆಲ್ಲಬೇಕಾಗುತ್ತದೆ. ಉಣ್ಣುವವರಿಗೆ ಇಲ್ಲಿ ಒಂದು ಗುರುತು ಹೇಳುತ್ತೇವೆ: ತಟ್ಟೆ ಎದುರಿಗೆ ಬಂದಾಗ ಸಾಸಿನ ಅಂಚಿನಲ್ಲಿ ಹಳದಿ ಎಣ್ಣೆಯ ಗೆರೆ ಕಂಡರೆ ಅದು ಒಡೆಯತೊಡಗಿದೆ. ಫೋಟೋ ತೆಗೆಯುತ್ತ ಹತ್ತು ನಿಮಿಷ ಬಿಟ್ಟಿದ್ದರೆ ಅದು ಅಡುಗೆಯವರ ತಪ್ಪಲ್ಲ.

ಇನ್ನೊಂದು ತಟ್ಟೆಯನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಅದರ ಸೋದರಿ ನಮ್ಮ ಹಟ್ಟಿಗಳಲ್ಲೇ ಇದ್ದಾಳೆ. ಹಸು ಕರು ಹಾಕಿದಾಗ ಮೊದಲ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಗಿಣ್ಣು ಬೇಯಿಸುತ್ತೇವಲ್ಲ, ಚವಾನ್‌ಮುಶಿ ಅದೇ ಜಾಡಿನದು, ಮೊಟ್ಟೆ ಮತ್ತು ದಾಶಿಯಿಂದ ಆದದ್ದು. ಅಳತೆ ಒಂದಕ್ಕೆ ಮೂರು: ಎರಡು ಮೊಟ್ಟೆ ಒಡೆದರೆ ಸುಮಾರು 100 ಮಿಲಿ, ಅದಕ್ಕೆ ಆರಿದ ದಾಶಿ 300 ಮಿಲಿ, ಒಂದು ಸಣ್ಣ ಚಮಚ ಸೋಯಾ ಸಾಸ್, ಚಿಟಿಕೆ ಉಪ್ಪು. ನೊರೆ ಬಾರದಂತೆ ಕಲಸಿ ಜರಡಿಯಲ್ಲಿ ಸೋಸಬೇಕು. ಬಟ್ಟಲಿಗೆ ಹುಯ್ದು, ಹಬೆಯ ಪಾತ್ರೆಯಲ್ಲಿ ಎರಡು ನಿಮಿಷ ಜೋರು ಉರಿ, ಆಮೇಲೆ ಹನ್ನೆರಡು ನಿಮಿಷ ಸಣ್ಣ ಉರಿ. ಮುಚ್ಚಳದ ಕೆಳಗೆ ಒಂದು ಕಡ್ಡಿ ಇಟ್ಟು ಸಂದು ಬಿಟ್ಟರೆ ಒಳಗಿನ ಬಿಸಿ 80-85 ಡಿಗ್ರಿಯಲ್ಲಿ ನಿಲ್ಲುತ್ತದೆ. ಮುಚ್ಚಳಕ್ಕೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಹಬೆನೀರು ತೊಟ್ಟಿಕ್ಕಿ ಮೇಲ್ಮೈ ಗುಂಡಿ ಬೀಳುತ್ತದೆ. ಉರಿ ಹೆಚ್ಚಾದರೆ ಒಳಗೆಲ್ಲ ಜೇನುಗೂಡಿನ ತೂತು, ತಳದಲ್ಲಿ ನೀರು. ಗಿಣ್ಣು ಕೆಡುವುದೂ ಹೀಗೇ. ಫ್ರೆಂಚ್ ಪದ್ಧತಿಯವರು ಇದರ ಮೇಲೆ ಟ್ರಫಲ್ ಅಣಬೆಯನ್ನೋ ಬತ್ತಿಸಿದ ಸ್ಟಾಕಿನ ತೆಳು ಪದರವನ್ನೋ ಹಾಕುತ್ತಾರೆ. ಹೊರದೇಶಗಳ ಮೆನುಗಳಲ್ಲಿ ಇದರ ಜೊತೆ ಫ್ವಾ ಗ್ರಾ, ಅಂದರೆ ಬಾತಿನ ಕೊಬ್ಬಿದ ಯಕೃತ್ತು (ಲಿವರ್) ಇರುವುದುಂಟು. ಭಾರತ 2014ರಲ್ಲಿ ಅದರ ಆಮದನ್ನೇ ನಿಲ್ಲಿಸಿದೆ. ಜಪಾನಿನಲ್ಲಿ ಬಟ್ಟಲಿನ ತಳಕ್ಕೆ ಗಿಂಕೊ ಬೀಜ ಹಾಕುವ ಜಾಗದಲ್ಲಿ ನಮ್ಮ ಹಿತಕಿದ ಅವರೆಬೇಳೆ ಹಾಕಿದರೆ ಚೆನ್ನಾಗಿ ಒಪ್ಪುತ್ತದೆ. ಆದರೆ ಬೇಳೆಯನ್ನು ಮೊದಲೇ ಬೇಯಿಸಿಕೊಂಡಿರಬೇಕು, 85 ಡಿಗ್ರಿಯ ಹಬೆಯಲ್ಲಿ ಅದು ಬೇಯದು.

ಸಸ್ಯಾಹಾರಿಗಳು ಈ ಭಾಗವನ್ನು ಗಮನವಿಟ್ಟು ಕೇಳಬೇಕು. ಮೆನುವಿನಲ್ಲಿ ಬದನೆಕಾಯಿ, ತೋಫು, ಅಣಬೆ ಎಂದಿದ್ದರೂ ಕೆಳಗಿನ ಕಟ್ಟು ಮೀನಿನದಾಗಿರಬಹುದು. ಟೆಂಪುರ, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದದ್ದನ್ನು ನೆಂಚಿಕೊಳ್ಳುವ ಸಾಸಿನಲ್ಲಿ ದಾಶಿ ಇರುತ್ತದೆ. ಕೆಲವು ಮಿಸೊ ಪೊಟ್ಟಣಗಳಲ್ಲೇ ದಾಶಿ ಬೆರೆತಿರುತ್ತದೆ. ಫ್ರೆಂಚ್ ಕಡೆಯಿಂದ ಬರುವವು ಕರುವಿನ ಮೂಳೆಯ ಸ್ಟಾಕ್, ಸಿಹಿಯಲ್ಲಿ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದ ಜೆಲಟಿನ್. ಇಟಲಿಯ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದ ರೆನೆಟ್‌ನಿಂದಲೇ ಹೆಪ್ಪುಗಟ್ಟಿಸುತ್ತಾರೆ. ಅದಕ್ಕಾಗಿ 'ವೆಜ್ ಇದೆಯಾ' ಎಂಬ ಒಂದು ಪ್ರಶ್ನೆ ಸಾಲದು. ಮೇಜು ಕಾಯ್ದಿರಿಸುವಾಗಲೇ, ಎರಡು ದಿನ ಮೊದಲು, ಹೀಗೆ ಕೇಳಿ: 'ದಾಶಿಯನ್ನು ಕೊಂಬು ಮತ್ತು ಶಿಟಾಕೆಯಿಂದ ಮಾಡಿಕೊಡುತ್ತೀರಾ? ಸಾಸಿಗೆ ತರಕಾರಿ ಸ್ಟಾಕ್ ಬಳಸುತ್ತೀರಾ? ಸಿಹಿಗೆ ಜೆಲಟಿನ್ ಬದಲು ಸಮುದ್ರದ ಪಾಚಿಯ ಅಗರ್ ಹಾಕುತ್ತೀರಾ?' ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿಲ್ಲದ ದಾಶಿ ತುಂಬ ಹಳೆಯದು. ಲೀಟರಿಗೆ 10 ಗ್ರಾಂ ಕೊಂಬು, 15 ಗ್ರಾಂ ಒಣ ಶಿಟಾಕೆ, ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ನೆನೆಸಿ ಬೆಳಗ್ಗೆ ಬಿಸಿ ಮಾಡುವುದು. ಅವಸರಕ್ಕೆ ಬಿಸಿನೀರಿನಲ್ಲಿ ಅಣಬೆ ನೆನೆಸಿದರೆ ರುಚಿ ಕುಗ್ಗುತ್ತದೆ. ಎರಡು ದಿನ ಮೊದಲು ಹೇಳಿ ಎನ್ನುವುದಕ್ಕೆ ಕಾರಣ ಇಷ್ಟೇ, ಕಟ್ಟು ಹಿಂದಿನ ದಿನವೇ ತಯಾರಾಗಿರುತ್ತದೆ. ಮೇಜಿಗೆ ಬಂದು ಹೇಳಿದರೆ ಮೇಲಿನ ಮೀನು ತೆಗೆದು ಕೊಟ್ಟಾರು, ಕಟ್ಟು ಬದಲಾಗದು.

ಮದ್ಯ ಬೇಡ ಎನ್ನುವವರು ಅಡುಗೆಯಲ್ಲಿ ಬರುವ ಸಾಕೆ, ಮಿರಿನ್ (ಎರಡೂ ಜಪಾನಿನ ಅಕ್ಕಿಯ ಮದ್ಯ) ಮತ್ತು ವೈನಿನ ವಿಷಯವನ್ನೂ ಆಗಲೇ ಹೇಳಬೇಕು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಎಳ್ಳು, ಸಿಗಡಿ, ಕಡಲೆಕಾಯಿ ಒಗ್ಗದವರು ಬರಹದಲ್ಲಿ ತಿಳಿಸುವುದು ಕ್ಷೇಮ. ಹಸಿ ಮೀನು ಬಡಿಸುವವರು ಅದನ್ನು ಹುಳುವಿನ ಭಯ ಕಳೆಯಲು ಮೈನಸ್ 20 ಡಿಗ್ರಿಯಲ್ಲಿ ಏಳು ದಿನ ಇಟ್ಟಿರಬೇಕೆಂಬ ನಿಯಮ ಹಲವೆಡೆ ಇದೆ. ಹಾಗೆ ಇಟ್ಟಿದ್ದೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಸುರಿಯರು ಹಸಿ ಮೀನು ತಿನ್ನದಿರುವುದೇ ಸರಿ.

ಮೇಜಿನ ಮೇಲೆ ಫೋರ್ಕ್-ಚಾಕುವೂ ಇರುತ್ತದೆ, ಚಾಪ್‌ಸ್ಟಿಕ್ಕೂ ಇರುತ್ತದೆ. ಯಾವುದಕ್ಕೆ ಯಾವುದು ಎಂದು ತಬ್ಬಿಬ್ಬಾಗಬೇಕಿಲ್ಲ. ಮುಚ್ಚಳದ ಬಟ್ಟಲು ಬಂತು, ಚಮಚ ಇಡಲಿಲ್ಲ ಅಂದರೆ ಬಟ್ಟಲನ್ನು ಕೈಗೆತ್ತಿಕೊಂಡು ಕುಡಿಯಬೇಕು. ಅಗಲ ತಟ್ಟೆಯಲ್ಲಿ ಸೂಪ್ ಬಂದು ಪಕ್ಕದಲ್ಲಿ ಚಮಚ ಇದ್ದರೆ ತಟ್ಟೆ ಎತ್ತಬಾರದು. ಮುಚ್ಚಳ ಹಬೆಗೆ ಕಚ್ಚಿಕೊಂಡಿದ್ದರೆ ಎಳೆದಾಡದೆ, ಬಟ್ಟಲಿನ ಎರಡೂ ಬದಿಯನ್ನು ಬೆರಳಿನಿಂದ ಮೆತ್ತಗೆ ಒತ್ತಿ. ಗಾಳಿ ನುಗ್ಗಿ ಬಿಟ್ಟುಕೊಳ್ಳುತ್ತದೆ. ಮೊದಲು ಕೊಡುವ ಬಿಸಿ ಒದ್ದೆ ಟವೆಲು ಕೈಗೆ ಮಾತ್ರ, ಮುಖಕ್ಕಲ್ಲ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ಸತ್ತವರಿಗೆ ಎಡೆ ಇಡುವ ರೀತಿ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸಲೂಬಾರದು. ಅಲ್ಲಿ ದಹನದ ನಂತರ ಅಸ್ಥಿ ಆರಿಸುವುದು ಹಾಗೆ. ನಮ್ಮಲ್ಲಿ ತಿಥಿಯ ಪದ್ಧತಿಯನ್ನು ಮದುವೆ ಎಲೆಯ ಮುಂದೆ ಯಾರಾದರೂ ಮಾಡಿದರೆ ಹಿರಿಯರಿಗೆ ಎಷ್ಟು ಕಸಿವಿಸಿಯಾದೀತೋ, ಜಪಾನಿನ ಅತಿಥಿಗೂ ಅಷ್ಟೇ ಆಗುತ್ತದೆ. ನಿಗಿರಿ ಸುಶಿಯನ್ನು, ಅಂದರೆ ಅನ್ನದ ಉಂಡೆಯ ಮೇಲೆ ಮೀನಿನ ಹೋಳು ಇಟ್ಟದ್ದನ್ನು, ಕೈಯಲ್ಲೇ ತಿನ್ನಬಹುದು; ಮೀನಿನ ಬದಿಯನ್ನು ಸೋಯಾ ಸಾಸಿಗೆ ತಾಕಿಸಬೇಕು, ಅನ್ನದ ಬದಿ ಅದ್ದಿದರೆ ಉದುರುತ್ತದೆ. ವಸಾಬಿ ಹೆಸರಿನಲ್ಲಿ ಬರುವ ಹಸಿರು ಮುದ್ದೆ ಬಹುಪಾಲು ಹಾರ್ಸ್‌ರ‍್ಯಾಡಿಶ್ ಎಂಬ ಬೇರೆ ಗೆಡ್ಡೆ. ನಿಜವಾದ ವಸಾಬಿಯನ್ನು ಎದುರಿಗೇ ತುರಿಯುತ್ತಾರೆ, ತುರಿದ ಕಾಲು ಗಂಟೆಗೆಲ್ಲ ಅದರ ಘಮ ಹಾರಿಹೋಗುತ್ತದೆ.

ಎಂಟು ಹತ್ತು ತಟ್ಟೆಗಳ ಊಟಕ್ಕೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ತುತ್ತು ಸಣ್ಣದೆಂದು ಮೊದಲಿಗೆ ಬ್ರೆಡ್ಡು-ಬೆಣ್ಣೆಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಕೊನೆಯ ಮುಖ್ಯ ಭಾಗ ಕೈತಪ್ಪುತ್ತದೆ. ಜಪಾನೀ ಕ್ರಮ ಪಾಲಿಸುವ ಕಡೆ ಸಿಹಿಗೆ ಮುಂಚೆ ಅನ್ನ, ಮಿಸೊ ಸಾರು, ಉಪ್ಪಿನಕಾಯಿ ಬರುತ್ತದೆ. ಮೊಸರನ್ನ ಉಪ್ಪಿನಕಾಯಿಯಲ್ಲಿ ಊಟ ಮುಗಿಸುವ ನಮಗೆ ಈ ಮುಕ್ತಾಯ ಹೊಸದಲ್ಲ.

ಬಿಲ್ಲಿನ ಬಗ್ಗೆ ಎರಡು ಮಾತು. ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಸೇವೆ ಮೆಚ್ಚಿದರೆ ನೀವಾಗಿ ಕೊಡಿ. ಸೇರಿಸಿದ್ದರೆ ತೆಗೆಯಿರಿ ಎನ್ನಬಹುದು.

ಕೋಲಾರದ ಟೊಮೆಟೊ ಬಗ್ಗೆ ಹೇಳದೆ ಇಳಿಯಲಾರೆವು. ಟೊಮೆಟೊದಲ್ಲಿ ಗ್ಲುಟಮೇಟ್ ಧಾರಾಳ, ಅದರಲ್ಲೂ ಬೀಜದ ಸುತ್ತಲಿನ ಲೋಳೆಯಲ್ಲಿ ಹೊರಗಿನ ತಿರುಳಿಗಿಂತ ಹೆಚ್ಚು. ಬೀಜ ತೆಗೆದು ಬಿಸಾಡುವ ಅಡುಗೆಯವರು ರುಚಿಯನ್ನೇ ಬಿಸಾಡುತ್ತಿದ್ದಾರೆ. ಚೆನ್ನಾಗಿ ಹಣ್ಣಾದ ಒಂದು ಕಿಲೋ ಟೊಮೆಟೊಗೆ 8 ಗ್ರಾಂ ಉಪ್ಪು ಹಾಕಿ ಒಂದೆರಡು ಸುತ್ತು ಮಿಕ್ಸಿಯಲ್ಲಿ ತಿರುಗಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ತೂಗುಹಾಕಿ. ಕೆಳಗಿನ ಪಾತ್ರೆಗೆ ಬಣ್ಣವೇ ಇಲ್ಲದಷ್ಟು ತಿಳಿಯಾದ ರಸ ಇಳಿದಿರುತ್ತದೆ. ಇಲ್ಲೂ ಹಿಂಡಬಾರದು, ಹಿಂಡಿದರೆ ಕೆಂಪು ಬೆರೆತು ಕದಡುತ್ತದೆ. ಈ ರಸ ಅರ್ಧ, ಶಿಟಾಕೆ-ಕೊಂಬಿನ ದಾಶಿ ಅರ್ಧ ಬೆರೆಸಿ, ಯುಜು ಎಂಬ ನಿಂಬೆ ಜಾತಿಯ ಜಪಾನೀ ಹಣ್ಣಿನ ಬದಲು ಹೇರಳೆಕಾಯಿಯ ಹೊರ ಸಿಪ್ಪೆಯನ್ನು ಬಿಳಿ ಭಾಗ ತಾಗದಂತೆ ತುರಿದು ಹಾಕಿದರೆ, ಯಾವ ದೊಡ್ಡ ರೆಸ್ಟೋರೆಂಟಿನಲ್ಲೂ ಮೊದಲ ತಟ್ಟೆಯಾಗಿ ಇಡಬಹುದಾದ ತಣ್ಣನೆಯ ಕಟ್ಟು ಸಿದ್ಧ. ಇಲ್ಲಿನ ಕ್ಯಾಟರಿಂಗ್ ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಲಿ ಎಂಬುದು ನಮ್ಮ ಆಸೆ.

ಉಪನ್ಯಾಸದ ಕೊನೆಗೆ ಸಭೆಯಲ್ಲಿದ್ದ ತಾಯಿಯೊಬ್ಬರು, ಕೊಂಬು ತಂದರೆ ತೊಳೆಯುವುದು ಹೇಗೆ, ಕಟ್ಟು ತೆಗೆದ ಮೇಲೆ ಅದನ್ನು ಎಸೆಯಬೇಕಾ ಎಂದು ಕೇಳಿದರು. ತೊಳೆಯಬಾರದಮ್ಮಾ. ಮೇಲಿರುವ ಬಿಳಿ ಪುಡಿ ಬೂಸ್ಟಲ್ಲ, ಅದು ರುಚಿಯೇ. ಒಣ ಬಟ್ಟೆಯಲ್ಲಿ ಮರಳು ಒರೆಸಿದರೆ ಸಾಕು. ಎಸೆಯುವುದೂ ಬೇಡ. ಬಸಿದ ಕಾಳು ಪಲ್ಯವಾಗುವ ಹಾಗೆ ಇದಕ್ಕೂ ಜಪಾನಿನ ಮನೆಗಳಲ್ಲಿ ಎರಡನೆಯ ಅಡುಗೆ ಇದೆ, ತ್ಸುಕುದಾನಿ ಎನ್ನುತ್ತಾರೆ. ನೆನೆದ ಕೊಂಬು 100 ಗ್ರಾಂ ಆಗುವಷ್ಟು ಕೂಡಿಟ್ಟುಕೊಂಡು, ಕಡ್ಡಿಯಂತೆ ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು, ಒಂದು ಚಮಚ ವಿನೆಗರ್ ಹಾಕಿ ಮೆತ್ತಗಾಗುವ ತನಕ ಬೇಯಿಸಿ. ಆಮೇಲೆ ಎರಡು ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ರಸ ಬತ್ತುವ ತನಕ ಕೈಯಾಡಿಸಿ, ಮೇಲೆ ಹುರಿದ ಎಳ್ಳು ಉದುರಿಸಿ. ಫ್ರಿಜ್ಜಿನಲ್ಲಿ ವಾರದ ತನಕ ಇರುತ್ತದೆ, ಬಿಸಿ ಅನ್ನದ ಜೊತೆ ನೆಂಚಿಕೊಳ್ಳಲು ಒಂದು ಚಿಟಿಕೆ ಸಾಕು.